ಗುಮಾಸ್ತರ ಮರೆವು, ಮತದಾರನ ಹಕ್ಕು

2011ರ ಮೇ 2. ಕೆನಡಾದ ಪೌರತ್ವ ದೊರೆತ ಬಳಿಕ ನಾನು ಮತ ಚಲಾಯಿಸಿದ ಮೊದಲ ಸಂಸತ್ ಚುನಾವಣೆ ಅದು. ಆಸ್ಪತ್ರೆಯ ಪಾಳಿ ಮುಗಿಸಿ, ಟೊರಾಂಟೊದ ಪಶ್ಚಿಮಕ್ಕಿರುವ ನಮ್ಮ ಬಡಾವಣೆಯ ಶಾಲೆಯಲ್ಲಿದ್ದ ಮತಗಟ್ಟೆಗೆ ಹೋದೆ. ಮನೆ ಬದಲಿಸಿ ಕೆಲವೇ ವಾರಗಳಾಗಿದ್ದವು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಮರಳಲು ಸಿದ್ಧನಾದೆ. ಮೇಜಿನ ಹಿಂದಿದ್ದ ವೃದ್ಧ ಮಹಿಳೆ ತಡೆದರು. ಹೊಸ ವಿಳಾಸವಿದ್ದ ಚಾಲನಾ ಪರವಾನಗಿಯನ್ನು ಪರಿಶೀಲಿಸಿ, ನೋಂದಣಿಯ ನಮೂನೆಯೊಂದನ್ನು ಭರ್ತಿ ಮಾಡಿ, ಮತಪತ್ರವನ್ನು ಕೈಗಿತ್ತರು.

ಭಾರತದಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ. ಕೆನಡಾದಲ್ಲಿ ಮತದಾನದ ದಿನವೇ, ಮತಗಟ್ಟೆಯಲ್ಲಿಯೇ ಹೆಸರು ನೋಂದಾಯಿಸಬಹುದು. ಈ ಔದಾರ್ಯ ನನ್ನನ್ನು ಮುಟ್ಟಿತು. ಅದರ ಬೆಲೆ ಏನೆಂಬುದು ಅದೇ ದಿನ ಪಕ್ಕದ ಎಟೋಬಿಕೋ ಸೆಂಟರ್ ಕ್ಷೇತ್ರದಲ್ಲಿ ನಡೆದದ್ದರಿಂದ ತಿಳಿಯಿತು.

ಅಲ್ಲಿ ಕನ್ಸರ್ವೇಟಿವ್ ಪಕ್ಷದ ಟೆಡ್ ಓಪಿಟ್ಜ್ ಅವರು ಲಿಬರಲ್ ಪಕ್ಷದ ಬೋರಿಸ್ ವ್ಜೆಸ್ನೆವ್‌ಸ್ಕಿ ಅವರನ್ನು ಕೇವಲ 26 ಮತಗಳಿಂದ ಸೋಲಿಸಿದರು. ಸೋತವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಯಾರ ಮೇಲೂ ವಂಚನೆಯ ಆರೋಪ ಹೊರಿಸಲಿಲ್ಲ. ದೂರು ಇದ್ದದ್ದು ಮತಗಟ್ಟೆಗಳ ನಿರ್ವಹಣೆಯ ಕುರಿತು. ಕೆಲವೆಡೆ ಹೊಸದಾಗಿ ನೋಂದಾಯಿತರಾದವರ ಪ್ರಮಾಣಪತ್ರಗಳೇ ಸಿಗಲಿಲ್ಲ; ಇನ್ನು ಕೆಲವು ದಾಖಲೆಗಳು ಅಪೂರ್ಣವಾಗಿದ್ದವು. 2012ರ ಮೇ ತಿಂಗಳಲ್ಲಿ ಒಂಟಾರಿಯೊದ ನ್ಯಾಯಾಲಯವು 79 ಮತಗಳನ್ನು ತಿರಸ್ಕರಿಸಿತು. 26ರ ಅಂತರಕ್ಕಿಂತ ಅದು ದೊಡ್ಡ ಸಂಖ್ಯೆಯಾದುದರಿಂದ ಚುನಾವಣೆ ರದ್ದಾಯಿತು.

ಮೇಲ್ಮನವಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷ ಅಕ್ಟೋಬರ್ 25ರಂದು ಏಳು ನ್ಯಾಯಮೂರ್ತಿಗಳ ಪೀಠ 4-3ರ ಅಂತರದಿಂದ ಆ ತೀರ್ಪನ್ನು ತಳ್ಳಿಹಾಕಿತು. ಮತದಾರನಿಗೆ ಅರ್ಹತೆಯಿದ್ದಲ್ಲಿ, ಸಿಬ್ಬಂದಿಯ ಲೋಪಕ್ಕಾಗಿ ಅವನ ಮತವನ್ನು ಕಸಿಯಲಾಗದು. ಬರವಣಿಗೆಯ ತಪ್ಪುಗಳಿಗೆಲ್ಲ ಚುನಾವಣೆ ರದ್ದಾದರೆ ಅಲ್ಪ ಅಂತರದಿಂದ ಸೋತವರೆಲ್ಲ ನ್ಯಾಯಾಲಯಕ್ಕೆ ಬರುವರು ಎಂಬುದು ಬಹುಮತದ ನಿಲುವು. ಕನಿಷ್ಠ 59 ಮತಗಳು ಮರಳಿ ಮಾನ್ಯವಾದವು. ಉಳಿದ ಸಂಖ್ಯೆ 26ಕ್ಕಿಂತ ಕಡಿಮೆಯಾದುದರಿಂದ ಓಪಿಟ್ಜ್ ಅವರ ಸ್ಥಾನ ಉಳಿಯಿತು. ಮುಖ್ಯ ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲ್ಯಾಕ್ಲಿನ್ ಸೇರಿದಂತೆ ಮೂವರು ಇದನ್ನು ಒಪ್ಪಲಿಲ್ಲ. ನೋಂದಣಿಯ ವಿಧಿಗಳು ಅಲಂಕಾರಕ್ಕಿರುವುದಲ್ಲ, ಅರ್ಹತೆಯನ್ನು ಸ್ಥಾಪಿಸುವುದೇ ಅವುಗಳಿಂದ ಎಂಬುದು ಅವರ ವಾದದ ತಿರುಳು.

ವೈದ್ಯನಾಗಿ ನನಗೆ ಈ ಎರಡೂ ವಾದಗಳು ಪರಿಚಿತ. ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ ಎಂದು ಕಿರಿಯ ವೈದ್ಯರಿಗೆ ನಾವು ದಿನವೂ ಹೇಳುತ್ತೇವೆ. ಆದರೆ ದಾದಿಯೊಬ್ಬಳು ಚೀಟಿಯಲ್ಲಿ ಗುರುತು ಹಾಕಲು ಮರೆತಳೆಂದು, ರೋಗಿ ನುಂಗಿದ ಔಷಧ ಅವನ ಹೊಟ್ಟೆಯಿಂದ ಮಾಯವಾಗುವುದಿಲ್ಲ. ನಾಗರಿಕನಾಗಿ ನಾನು ಬಹುಮತದ ಪರ. ದಾಖಲೆಯ ಬೆಲೆ ಬಲ್ಲವನಾಗಿ ಅಲ್ಪಮತದ ಮಾತನ್ನು ಮರೆಯಲಾರೆ.

ಚುನಾವಣಾ ಸಂಸ್ಥೆಯೂ ಮರೆಯಲಿಲ್ಲ. ಅದು ಹ್ಯಾರಿ ನ್ಯೂಫೆಲ್ಡ್ ಅವರಿಂದ ಪರಿಶೀಲನೆ ಮಾಡಿಸಿ 2013ರಲ್ಲಿ ವರದಿ ಪ್ರಕಟಿಸಿತು. 2011ರ ಚುನಾವಣೆಯಲ್ಲಿ ದೇಶದಾದ್ಯಂತ 1,65,000ಕ್ಕೂ ಹೆಚ್ಚು ಗಂಭೀರ ಕಾರ್ಯವಿಧಾನದ ತಪ್ಪುಗಳಾಗಿದ್ದವೆಂದು ಅದು ಅಂದಾಜಿಸಿತು. ಒಂದು ದಿನದ ಕೆಲಸಕ್ಕೆ ಅಲ್ಪ ತರಬೇತಿಯೊಂದಿಗೆ ಬರುವ ಸಿಬ್ಬಂದಿ, ತೊಡಕಿನ ನಿಯಮಗಳು: ಕಾರಣಗಳು ಇಷ್ಟು ಸಾಮಾನ್ಯ. ವ್ಜೆಸ್ನೆವ್‌ಸ್ಕಿ ಅವರು 2015ರಲ್ಲಿ ಅದೇ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಮರಳಿದರು.

ಇಪ್ಪತ್ತಾರು ಮತ ಬಹಳ ಕಡಿಮೆಯೆಂದು ಕನ್ನಡಿಗರಿಗೆ ಅನಿಸಲಾರದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಪಟ್ಟಿಯ ಒಂದು ಸಾಲಿಗೆ ಎಷ್ಟು ಬೆಲೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿಗೆ ಬರಲು ಬಯಸುವ ಕಿರಿಯರು ಒಂದು ಮಾತನ್ನು ಗಮನದಲ್ಲಿಡಬೇಕು. ಖಾಯಂ ವಾಸದ ಪರವಾನಗಿಯಿಂದ ಕೆನಡಾದ ಸಂಸತ್ ಚುನಾವಣೆಯಲ್ಲಿ ಮತ ಸಿಗದು, ಪೌರತ್ವ ಬೇಕು. ಪೌರತ್ವ ಪಡೆದೊಡನೆ ಭಾರತದ ಪೌರತ್ವವೂ, ಅದರೊಡನೆ ಊರಿನ ಮತವೂ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ನಮೂನೆ 6ಎ ಮೂಲಕ ಊರಿನ ಪಟ್ಟಿಯಲ್ಲಿ ಸಾಗರೋತ್ತರ ಮತದಾರರಾಗಬಹುದು. ಆದರೆ ಮತ ಹಾಕಲು ಖುದ್ದಾಗಿ ಹೋಗಬೇಕು. ಊರಿನಲ್ಲಿರುವ ಹಿರಿಯರು ಚುನಾವಣೆ ಘೋಷಣೆಯಾಗುವುದಕ್ಕೆ ಮೊದಲೇ ತಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಲೇಸು.

ತೀರ್ಪಿನ ಸುದ್ದಿ ಓದಿದ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಆ ವೃದ್ಧೆ ತುಂಬಿದ ನಮೂನೆಗೆ ನಾನು ಸಹಿ ಹಾಕಿದ್ದೆನೇ? ಎಷ್ಟು ಯತ್ನಿಸಿದರೂ ನೆನಪಾಗಲಿಲ್ಲ. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ಮೇಜಿನಿಂದ ಏಳುವ ಮುನ್ನ ಒಮ್ಮೆ ಕೇಳುತ್ತೇನೆ: “ನನ್ನಿಂದ ಇನ್ನೇನಾದರೂ ಸಹಿ ಬೇಕೇ?”