ಪಲ್ಪರ್ ಮನೆಯ ನೀರು ಮತ್ತು ಕೆಳಗಿನ ಅಡಿಕೆ ತೋಟ



ಅರೇಬಿಕಾ ಕೊಯ್ಲು ಆರಂಭವಾಗುವ ನವೆಂಬರಿನಲ್ಲಿ ನಮ್ಮ ಹಳ್ಳಗಳಲ್ಲಿ ನೀರಿರುತ್ತದೆ. ಆಗ ಪಲ್ಪರಿಗೆ ಎಷ್ಟು ನೀರು ಬಿಟ್ಟೆವೆಂದು ಯಾರೂ ಕೇಳುವುದಿಲ್ಲ. ಜನವರಿ ಕಳೆದು ರೊಬಸ್ಟಾ ಹಣ್ಣು ಕಣಕ್ಕೆ ಬರುವ ಹೊತ್ತಿಗೆ ಅದೇ ಹಳ್ಳ ಕಲ್ಲುಗಳ ಸಂದಿಯಲ್ಲಿ ಇಣುಕತೊಡಗುತ್ತದೆ. ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕಾದ ದಿನಗಳೂ ಅವೇ, ಕೆಳಗಿನ ಅಡಿಕೆ ತೋಟಕ್ಕೆ ನೀರು ಹಾಯಿಸಬೇಕಾದ ದಿನಗಳೂ ಅವೇ. ನವೆಂಬರಿನ ಹಳ್ಳದ ನೀರನ್ನು ಫೆಬ್ರವರಿಗೆ ಹಿಡಿದಿಡಲಾಗದು, ನಿಜ. ಆದರೆ ಕೆರೆಯಿಂದ, ಹೊಂಡದಿಂದ ಎತ್ತಿದ ನೀರಿನ ಮಾತು ಬೇರೆ. ಅಲ್ಲಿ ಪಲ್ಪರಿಗೆ ಹರಿಸಿದ್ದಷ್ಟೂ ಹೂವಿನ ಪಾಲಿನದೇ.

ಒಂದು ಲೆಕ್ಕ ನೋಡೋಣ. ಕೊಲಂಬಿಯಾ ದೇಶದ ಸಣ್ಣ ಬೆಳೆಗಾರರು ನಮ್ಮಂತೆಯೇ ತೋಟದಲ್ಲೇ ಪಲ್ಪಿಂಗ್ ಮಾಡುವವರು. ಅಲ್ಲಿನ ಬೆಳೆಗಾರರ ಒಕ್ಕೂಟವು 1938ರಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರ ಸೆನಿಕಾಫೆ. ಹಳೆಯ ಪದ್ಧತಿಯಲ್ಲಿ ಒಂದು ಕೆ.ಜಿ. ಒಣ ಪಾರ್ಚ್‌ಮೆಂಟಿಗೆ ಸುಮಾರು 40 ಲೀಟರ್ ನೀರು ಖರ್ಚಾಗುತ್ತದೆಂದು ಆ ಕೇಂದ್ರದವರು ಲೆಕ್ಕ ಹಾಕಿದರು. ಎಂದರೆ 50 ಕೆ.ಜಿ.ಯ ಮೂಟೆಗೆ 2,000 ಲೀಟರ್, ನೂರು ಮೂಟೆಗೆ 2 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೆ ತುಸು ಹೆಚ್ಚು. ಹೀಗಾಗಿ ನೂರು ಮೂಟೆ ತೊಳೆದ ನೀರು ಒಂದು ಎಕರೆ ರೊಬಸ್ಟಾಕ್ಕೆ ಸುಮಾರು ಎರಡು ಇಂಚು ಮಳೆಗೆ ಸಮ. ಅಡಿಕೆಗೆ ಬುಡಕ್ಕೆ 175 ಲೀಟರಿನಂತೆ ಹಾಯಿಸಿದರೆ ಎರಡು ಎಕರೆಗೆ ಒಂದು ಸರದಿ.

ನಮ್ಮ ಪಲ್ಪರ್ ಮನೆಗಳಲ್ಲಿ ಖರ್ಚು ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅಳೆಯುವುದೇನೂ ಕಷ್ಟವಲ್ಲ. ಪಲ್ಪರಿಗೆ ನೀರು ಬೀಳುವ ಪೈಪಿನ ಕೆಳಗೆ 20 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. ಹತ್ತು ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್ ಹರಿಯುತ್ತಿದೆ ಎಂದಾಯಿತು.

ಇನ್ನು ನೀರು ಹೋಗುವುದೆಲ್ಲಿಗೆ? ಹಣ್ಣನ್ನು ಪಲ್ಪರಿಗೆ ತರಲು ನೀರು, ಸಿಪ್ಪೆಯನ್ನು ಆಚೆ ಸಾಗಿಸಲು ನೀರು, ಲೋಳೆ ತೊಳೆಯಲು ನೀರು. ಇವುಗಳಲ್ಲಿ ಮೊದಲಿನ ಎರಡು ಕೆಲಸಗಳಿಗೆ ನೀರು ಬೇಕೇ ಬೇಕೆಂದಿಲ್ಲ. ಪಲ್ಪರನ್ನು ತೊಟ್ಟಿಗಿಂತ ಎತ್ತರದಲ್ಲಿ ಕೂರಿಸಿ, ಹಣ್ಣು ತಾನಾಗಿ ಜಾರುವಂತೆ ಮಾಡಿ, ಸಿಪ್ಪೆ ಪಕ್ಕದ ಮಾಡು ಹೊದಿಸಿದ ಗುಂಡಿಗೆ ಬೀಳುವಂತೆ ಮಾಡುವುದು ಕೊಲಂಬಿಯಾದ ಪದ್ಧತಿ. ಇದರಿಂದ ಉಳಿಯುವುದು ನೀರೊಂದೇ ಅಲ್ಲ. ಪಲ್ಪಿಂಗ್ ಹೊಲಸಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಸಿಪ್ಪೆಯದು, ಉಳಿದ ಒಂದು ಪಾಲು ಮಾತ್ರ ಲೋಳೆಯದು. ಸಿಪ್ಪೆಗೆ ನೀರು ಸೋಕದಿದ್ದರೆ ಅದರ ಸಕ್ಕರೆ, ಒಗರು, ಪೊಟ್ಯಾಷ್ ಎಲ್ಲವೂ ಸಿಪ್ಪೆಯಲ್ಲೇ ಉಳಿಯುತ್ತವೆ. ನೀರಿನಲ್ಲಿ ತೇಲಿಸಿದೆವೋ, ಗೊಬ್ಬರವಾಗಬೇಕಾದದ್ದು ಹಳ್ಳದ ವಿಷವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರಿನೊಡನೆ ಹಣ್ಣು ಬರುವಾಗ ಕಲ್ಲು ಕಡ್ಡಿಗಳು ಸೈಫನ್ ತೊಟ್ಟಿಯಲ್ಲೇ ನಿಲ್ಲುತ್ತಿದ್ದವು. ಒಣಗಾಗಿ ಹಣ್ಣು ಹಾಕುವಾಗ ಆ ರಕ್ಷಣೆ ಇರುವುದಿಲ್ಲ, ಒಂದು ಹರಳು ಸಾಕು ಪಲ್ಪರನ್ನು ಕೆಡಿಸಲು. ಆದುದರಿಂದ ಮೊದಲು ಹಣ್ಣನ್ನು ಒಂದು ತೊಟ್ಟಿ ನೀರಿನಲ್ಲಿ ಮುಳುಗಿಸಿ ತೇಲುಗಾಯಿ, ಕಲ್ಲು ಬೇರ್ಪಡಿಸಲೇಬೇಕು. ಆ ನೀರು ದಿನವಿಡೀ ಬರುತ್ತದೆ. ರಾತ್ರಿ ಉಳಿಸಿ ಮರುದಿನ ಅದರಲ್ಲೇ ಮುಳುಗಿಸಿದರೆ ಮಾತ್ರ ಹುಳಿ ವಾಸನೆ ಕಾಫಿಗೆ ಹತ್ತೀತು. ಪಲ್ಪರಿನ ಅಂತರವನ್ನೂ ಹಣ್ಣಿನ ಗಾತ್ರಕ್ಕೆ ಸರಿಯಾಗಿ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬೀಜ ಕಚ್ಚಿಹೋಗಿ ಉಳಿಸಿದ ನೀರಿಗಿಂತ ಕಳೆದ ಬೆಲೆಯೇ ದೊಡ್ಡದಾಗುತ್ತದೆ.

ತೊಳೆಯುವುದಕ್ಕೆ ಸೆನಿಕಾಫೆಯವರು ಯಂತ್ರವನ್ನೂ ಮಾಡಿದ್ದಾರೆ. 1990ರ ದಶಕದಲ್ಲಿ ಬಂದ ಬೆಕೊಲ್ಸುಬ್ ಎಂಬ ಆ ಯಂತ್ರಕ್ಕೆ ಕೆ.ಜಿ. ಪಾರ್ಚ್‌ಮೆಂಟಿಗೆ ಒಂದು ಲೀಟರ್ ನೀರೂ ಬೇಕಿಲ್ಲ. ನೀರು ಮಿತವಾಗಿ ಬಳಸುವ ಪಲ್ಪರುಗಳು ನಮ್ಮಲ್ಲೂ ಇವೆ. ಆದರೆ ವರ್ಷಕ್ಕೆ ಇಪ್ಪತ್ತು ಮೂವತ್ತು ಮೂಟೆ ಮಾಡುವವರು ಒಬ್ಬೊಬ್ಬರೇ ಸಾಲ ಮಾಡಿ ಯಂತ್ರ ಕೊಳ್ಳಬೇಕೆಂದು ನಾವು ಹೇಳಲಾರೆವು. ನಾಲ್ಕೈದು ಮನೆಯವರು ಸೇರಿ ಕೊಂಡರೆ ಆ ಮಾತು ಬೇರೆ. ಯಂತ್ರವಿಲ್ಲದವರಿಗೆ ಅಲ್ಲಿನವರದೇ ಇನ್ನೊಂದು ಪದ್ಧತಿ ಇದೆ. ಹುಳಿ ಬಂದ ತೊಟ್ಟಿಯಲ್ಲೇ, ಕಾಲುವೆಗೆ ಬಿಡದೆ, ಬೀಜ ಮುಳುಗುವಷ್ಟು ನೀರು ತುಂಬಿ, ಹುಟ್ಟಿನಿಂದ ಚೆನ್ನಾಗಿ ಕಲಕಿ ಬಸಿಯುವುದು. ಹೀಗೆ ನಾಲ್ಕು ಸಲ. ಕೆ.ಜಿ.ಗೆ 4ರಿಂದ 5 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಕೊನೆಯ ನೀರು ಹೆಚ್ಚುಕಡಿಮೆ ತಿಳಿಯಾಗಿರುವುದರಿಂದ ಅದೇ ದಿನ ಹಣ್ಣು ಮುಳುಗಿಸಲು ಒದಗುತ್ತದೆ. ರೊಬಸ್ಟಾದ ಲೋಳೆ ಹಠಮಾರಿ, ಅದಕ್ಕೆ ನಾಲ್ಕು ಸಲ ಸಾಲದಿರಬಹುದು. ನೀರೇ ಇಲ್ಲದ ಕಡೆ ರೊಬಸ್ಟಾವನ್ನು ಚೆರ್ರಿಯಾಗಿಯೇ ಒಣಗಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಮೊದಲ ಎರಡು ಸಲದ ಕೊಳೆನೀರನ್ನು ಹಳ್ಳಕ್ಕೆ ಬಿಡಬಾರದು. 1974ರ ಜಲ ಮಾಲಿನ್ಯ ಕಾಯ್ದೆ ಇದನ್ನು ನಿಷೇಧಿಸಿದೆ. ಕಾಯ್ದೆಯ ಮಾತು ಹಾಗಿರಲಿ, ಕೆಳಗಿನ ತೋಟದವರು ಕರಿಬಣ್ಣದ ನಾರುವ ನೀರು ಕಂಡು ಮೇಲೆ ಬಂದು ಜಗಳವಾಡಿದ ಸಂದರ್ಭಗಳು ನಮ್ಮ ಹಳ್ಳಗಳಿಗೆ ಹೊಸದಲ್ಲ. ಹಿಂದೆ ನಾವೂ ಬಿಟ್ಟವರೇ! ಬಾವಿಗೆ ದೂರವಾಗಿ, ಒಸರದಂತೆ ಹಾಳೆ ಹಾಸಿದ ಹೊಂಡದಲ್ಲಿ ನೀರು ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಬಳಿಕ ಸಗಣಿ ಬಗ್ಗಡ ಸೇರಿಸಿ ಕೊಳೆಯಲು ಬಿಡಬೇಕು. ನೀರು ಕಡಿಮೆಯಾದಷ್ಟೂ ಹೊಂಡವೂ ಚಿಕ್ಕದು, ಸುಣ್ಣವೂ ಕಡಿಮೆ. 40 ಲೀಟರಿನವನಿಗೆ ಬೇಕಾದ ಹೊಂಡವನ್ನು ಸಣ್ಣ ಹಿಡುವಳಿಯಲ್ಲಿ ತೋಡಲು ಜಾಗವಾದರೂ ಎಲ್ಲಿ?

ನೂರು ಮೂಟೆ ಪಾರ್ಚ್‌ಮೆಂಟಿಗೆ ಸುಮಾರು 25 ಟನ್ ಹಣ್ಣು ಬೇಕು, ಅದರಿಂದ ಹತ್ತು ಟನ್ನಿನಷ್ಟು ಹಸಿ ಸಿಪ್ಪೆ ಬರುತ್ತದೆ. ಸಗಣಿ, ತರಗು ಸೇರಿಸಿ, ಆಗಾಗ ಮಗುಚಿ, ಮಳೆ ತಾಗದಂತೆ ಇಟ್ಟರೆ ಮುಂಗಾರಿನ ಹೊತ್ತಿಗೆ ಕಾಫಿಗೂ ಅಡಿಕೆಗೂ ಗೊಬ್ಬರ.

ಅಡಿಕೆಯವರ ಪಾಲಿನ ಕೆಲಸವೂ ಇದೆ. ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಹಾಯಿಸುವಲ್ಲಿ ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಅರ್ಧಕ್ಕಿಂತ ಕಡಿಮೆ. ಅದರ ಖರ್ಚು ವೆಚ್ಚವನ್ನು ಬೇರೊಂದು ಸಂಚಿಕೆಯಲ್ಲಿ ನೋಡೋಣ.

ಈ ಕೊಯ್ಲಿನಲ್ಲಿ ಬಕೆಟ್ ಹಿಡಿದು ಅಳೆದವರು ಗಂಟೆಗೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ಎಷ್ಟು ಮೂಟೆ ಎಂದು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಕೊಡಬೇಕೆಂದು ಕೋರುತ್ತೇವೆ. ಯಾರ ಹೆಸರನ್ನೂ ಪ್ರಕಟಿಸುವುದಿಲ್ಲ.