ಇರುವೆ ವೇಷದ ಜೀರುಂಡೆಗಳು

ಪ್ರಶ್ನೆ: ಸೈನಿಕ ಇರುವೆಗಳ ನಡುವೆ ಇರುವೆಯಂತೆಯೇ ಕಾಣುವ ರೋವ್ ಜೀರುಂಡೆಗಳೆಲ್ಲ ಒಂದೇ ವಂಶದವೇ?

ಉತ್ತರ: ಅಲ್ಲ. ಇವೆಲ್ಲ 60,000ಕ್ಕೂ ಹೆಚ್ಚು ಪ್ರಭೇದಗಳಿರುವ ಸ್ಟ್ಯಾಫಿಲಿನಿಡೇ ಕುಟುಂಬಕ್ಕೆ ಸೇರಿದವು, ಅಷ್ಟು ನಿಜ. ಆದರೆ ಸಣ್ಣ ಸೊಂಟ, ಉದ್ದ ಕಾಲುಗಳ ಹೋಲಿಕೆ ನೋಡಿ ನೆಂಟಸ್ತಿಕೆ ಹೇಳಿದರೆ ಮೋಸಹೋಗುತ್ತೇವೆ. 2017ರಲ್ಲಿ ಮುನೆತೋಶಿ ಮರುಯಾಮ ಮತ್ತು ಜೋಸೆಫ್ ಪಾರ್ಕರ್ ಡಿಎನ್‌ಎ ಹೋಲಿಸಿದಾಗ ತಿಳಿದದ್ದು: ಅಲಿಯೊಕ್ಯಾರಿನೇ ಎಂಬ ಒಂದೇ ಉಪಕುಟುಂಬದಲ್ಲಿ ಈ ರೂಪ ಕನಿಷ್ಠ 12 ಸಲ ಬೇರೆಬೇರೆಯಾಗಿ ವಿಕಾಸವಾಗಿದೆ! ಅವುಗಳ ಸಮಾನ ಪೂರ್ವಜ ಬದುಕಿದ್ದು ಸುಮಾರು 10.5 ಕೋಟಿ ವರ್ಷಗಳ ಹಿಂದೆ. ಇರುವೆಗೂಡಿನ ಇನ್ನೊಂದು ಬಗೆಯ ಅತಿಥಿಗಳಿರುವ ಸೆಲಾಫಿನೇ ಗುಂಪಿನ ಕಥೆ ತಿರುಗುಮುರುಗು. ನೋಟದಲ್ಲಿ ಭಿನ್ನವೆಂದು ಪ್ರತ್ಯೇಕ ಕುಟುಂಬವಾಗಿಯೇ ಉಳಿದಿದ್ದ ಅದನ್ನು 1995ರಲ್ಲಿ ಸ್ಟ್ಯಾಫಿಲಿನಿಡೇಗೆ ಸೇರಿಸಲಾಯಿತು.