ರೊಟ್ಟಿ ಬಡಿಯುವ ಕೈ, ಬಸ್ಕಿ ಹೊಡೆಯುವ ಕಾಲು

ಧಾರವಾಡದ ಹೊರವಲಯದ ಆ ರೊಟ್ಟಿ ಕೇಂದ್ರದಲ್ಲಿ ಒಲೆ ಹಚ್ಚುವ ಮೊದಲು ಎಲ್ಲರೂ ಬಸ್ಕಿ ಹೊಡೆಯುತ್ತಾರೆ. ನಲವತ್ತರ ಮೇಲಿನ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಬಾಯಲ್ಲಿ ಎಣಿಸುತ್ತ ಕೂತು ಏಳುತ್ತಾರೆ. ಆಮೇಲೆ ಐದು ಕೆ.ಜಿ. ಜೋಳದ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಮತ್ತೊಂದು ಸುತ್ತು. ಅದಾದ ಮೇಲೆ ಗೋಡೆಗೆ ಎರಡೂ ಅಂಗೈ ಊರಿ, ದಂಡ ಹೊಡೆದ ಹಾಗೆ ಮುಂದೆ ಬಾಗಿ ಹಿಂದೆ ಬರುವುದು. ಇಷ್ಟು ಮುಗಿದ ಮೇಲೆಯೇ ಎಸರಿಡುವುದು. ಜೋಳದ ಬೆಲೆ ಏರಿದೆಯಲ್ಲ, ರೊಟ್ಟಿ ಮಾರುವವರ ಪಾಡೇನು ಎಂದು ಕೇಳಲು ನಾನು ಹೋಗಿದ್ದೆ. ಆ ಪ್ರಶ್ನೆಗಳ ಚೀಟಿ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಕೇಂದ್ರದ ಹಿರಿಯರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಈಗ ಐವತ್ತೊಂದು. "ನಲವತ್ತಾರರಾಗ ಶುರು ಆತ್ರಿ ಅಕ್ಕಾರ. ಮುಟ್ಟು ಒಂದ್ ತಿಂಗಳು ಬರೂದು, ಎರಡ್ ತಿಂಗಳು ಇಲ್ಲ. ಅದರ ಜೋಡಿನ ಮುಂಜಾನೆ ಎದ್ದಕೂಡ್ಲೆ ಮುಷ್ಟಿ ಕಟ್ಟಾಕ ಬರವಲ್ದು. ಮಂಡಿ, ಭುಜ, ಹಿಮ್ಮಡ. ಇವತ್ತು ಇಲ್ಲಿ, ನಾಳೆ ಅಲ್ಲಿ. ಡಾಕ್ಟರು ವಯಸ್ಸಾತು ಅಂದ್ರು, ಗುಳಗಿ ಕೊಟ್ರು."

ಪೆರಿಮೆನೋಪಾಸ್, ಅಂದರೆ ಮುಟ್ಟು ಪೂರ್ತಿ ನಿಲ್ಲುವ ಮೊದಲಿನ ಏರುಪೇರಿನ ವರ್ಷಗಳು, ಎಂದೊಡನೆ ನಮಗೆ ನೆನಪಾಗುವುದು ಮೈ ಬಿಸಿಯೇರುವುದು, ಬೆವರು, ಸಿಡುಕು. ಪತ್ರಿಕೆಗಳಲ್ಲಿ ಬರುವ ಲೇಖನಗಳೂ ಇವನ್ನೇ ಹೇಳುತ್ತವೆ. ಕೇಂದ್ರದ ಪಡಸಾಲೆಯಲ್ಲಿ ಕೂತಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದೆ. ಬಿಸಿಯೇರುವುದು ಕೆಲವರಿಗೆ ಮಾತ್ರ. ಕೀಲುನೋವು ಎಲ್ಲರಿಗೂ.

ದೊಡ್ಡಕ್ಕನ ಬಲಗೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ನೋಡಿದೆ. ತೋರುಬೆರಳು, ನಡುಬೆರಳುಗಳಲ್ಲಿ ಉಗುರಿಗೆ ಹತ್ತಿರದ ಕೀಲಿನ ಮೇಲೆ, ಎಡಕ್ಕೊಂದು ಬಲಕ್ಕೊಂದು, ಸಣ್ಣ ಗಟ್ಟಿ ಗಂಟು. ತೋರುಬೆರಳ ತುದಿ ಕಿರುಬೆರಳ ಕಡೆಗೆ ತುಸು ವಾಲಿದೆ. ಒತ್ತಿದರೆ ಎಲುಬಿನಷ್ಟೇ ಗಟ್ಟಿ. ನೋವಾಗುತ್ತದೆಯೇ ಎಂದರೆ ನಕ್ಕರು. "ಬರೂ ಮುಂದ ಭಾಳ ಕಾಡಿದೂ ರೀ. ಕೆಂಪಗ, ಬಿಸಿ ಬಿಸಿ. ಬಂದು ಕುಂತ ಮ್ಯಾಲ ಸುಮ್ಮನಾದೂ. ನಮ್ಮವ್ವಗೂ ಹಿಂಗ ಇದ್ದೂ."

ಈ ಗಂಟುಗಳ ಬೆನ್ನುಹತ್ತಿ ನಾನು ಬಹಳ ಓದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ವೈದ್ಯಶಾಸ್ತ್ರದಲ್ಲಿ ಇವಕ್ಕೆ ಹೆಬರ್ಡನ್ ಗಂಟುಗಳೆಂದು ಹೆಸರು. ವಿಲಿಯಂ ಹೆಬರ್ಡನ್ 18ನೇ ಶತಮಾನದ ಲಂಡನ್ನಿನ ವೈದ್ಯ. 1801ರಲ್ಲಿ ತೀರಿಕೊಂಡ. ಮರುವರ್ಷ ಅಚ್ಚಾದ ಅವನ ಟಿಪ್ಪಣಿಗಳಲ್ಲಿ ಬೆರಳ ತುದಿಯ ಈ ಪುಟ್ಟ ಗಂಟುಗಳ ವಿವರ ಇದೆ. ಆ ಕಾಲದಲ್ಲಿ ಕೀಲು ಊದಿದರೆ ಗೌಟ್ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇದು ಗೌಟ್ ಅಲ್ಲವೆಂದು ಅವನು ಬಿಡಿಸಿ ಹೇಳಿದ. 1940ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಬರ್ಟ್ ಸ್ಟೆಚರ್ ಎಂಬ ವೈದ್ಯ ಮನೆತನಗಳ ಜಾಡು ಹಿಡಿದು, ಗಂಟುಗಳು ಹೆಣ್ಣುಮಕ್ಕಳಲ್ಲೇ ಹೆಚ್ಚು, ವಂಶದಲ್ಲಿ ಇಳಿದು ಬರುತ್ತವೆ ಎಂದು ತೋರಿಸಿದ. 1952ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಮೂರ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬೆರಳಲ್ಲಿ ಗಂಟಿರುವ ನಡುವಯಸ್ಸಿನ ಹೆಂಗಸರಲ್ಲಿ ಹೆಬ್ಬೆರಳ ಬುಡ, ಮಂಡಿ, ಬೆನ್ನುಮೂಳೆಗಳಲ್ಲೂ ಸವೆತ ಒಟ್ಟೊಟ್ಟಿಗೇ ಕಾಣಿಸಿಕೊಳ್ಳುತ್ತದೆ, ಅದು ಮುಟ್ಟು ನಿಲ್ಲುವ ಆಸುಪಾಸಿನಲ್ಲೇ ಹೆಚ್ಚು. ದೊಡ್ಡಕ್ಕ ಎರಡು ವಾಕ್ಯದಲ್ಲಿ ಹೇಳಿದ್ದೂ ಇದನ್ನೇ.

ಹಾಗಾದರೆ ರೊಟ್ಟಿ ಬಡಿದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೇ? ಇದೆ. 1978ರಲ್ಲಿ ನಾರ್ಟಿನ್ ಹ್ಯಾಡ್ಲರ್ ಎಂಬ ವೈದ್ಯ ಅಮೆರಿಕದ ವರ್ಜೀನಿಯಾದ ಉಣ್ಣೆ ಬಟ್ಟೆ ಗಿರಣಿಯೊಂದರಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಒಂದೇ ಕೆಲಸ ಮಾಡಿದ ಹೆಂಗಸರ ಕೈಗಳನ್ನು ಹೋಲಿಸಿದ. ಬಟ್ಟೆಯಲ್ಲಿನ ನೂಲಿನ ಗಂಟುಗಳನ್ನು ಬೆರಳ ತುದಿಯಿಂದ ಹೆಕ್ಕುವವರಿಗೆ ಬೆರಳ ಕೀಲುಗಳಲ್ಲಿ ಸವೆತ, ನೂಲು ಸುತ್ತುವವರಿಗೆ ಮಣಿಕಟ್ಟಿನಲ್ಲಿ. ಗಿರಣಿ ಒಂದೇ, ಕೆಲಸ ಬೇರೆ, ಕೈಯೂ ಬೇರೆ. ನಾನು ಆ ಪಡಸಾಲೆಯಲ್ಲಿ ಹಿಟ್ಟು ನಾದುವವರ, ಬಡಿಯುವವರ, ಬೇಯಿಸುವವರ ಕೈಗಳನ್ನು ಬೇರೆ ಬೇರೆಯಾಗಿ ನೋಡುತ್ತ ಕೂತೆ. ನಾದುವವರು ಹೆಬ್ಬೆರಳ ಬುಡ ತೋರಿಸಿದರು. ಬಡಿಯುವವರು ಭುಜ ಮುಟ್ಟಿಕೊಂಡರು. ಅವರ ಲೆಕ್ಕದಲ್ಲಿ ಒಂದು ರೊಟ್ಟಿಗೆ ನಲವತ್ತು ಐವತ್ತು ಬಡಿತ, ಒಬ್ಬೊಬ್ಬರಿಗೆ ದಿನಕ್ಕೆ ನೂರಕ್ಕೂ ಮೇಲೆ ರೊಟ್ಟಿ.

ಈ ವಯಸ್ಸಿನಲ್ಲೇ ಯಾಕೆ ಎಂಬುದಕ್ಕೆ ಉತ್ತರ ಈಸ್ಟ್ರೋಜೆನ್‌ನಲ್ಲಿದೆ. ಆ ಹಾರ್ಮೋನಿನ ಕೆಲಸ ಗರ್ಭಕೋಶಕ್ಕೆ ಮುಗಿಯುವುದಿಲ್ಲ. ಮೂಳೆ, ಮೃದ್ವಸ್ಥಿ, ಕೀಲಿನ ಒಳಪೊರೆ, ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ನರದಂಥ ಪಟ್ಟಿಗಳು, ಎಲ್ಲ ಕಡೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಅದು ಉರಿಯೂತವನ್ನು ಹದ್ದುಬಸ್ತಿನಲ್ಲಿಡುತ್ತದೆ, ಸ್ನಾಯು ಕಳೆಗುಂದದಂತೆ ನೋಡಿಕೊಳ್ಳುತ್ತದೆ. ಪೆರಿಮೆನೋಪಾಸಿನಲ್ಲಿ ಅದರ ಮಟ್ಟ ಒಮ್ಮೆ ಜಿಗಿಯುತ್ತದೆ, ಒಮ್ಮೆ ಕುಸಿಯುತ್ತದೆ, ಕೊನೆಗೆ ಇಳಿದೇ ಬಿಡುತ್ತದೆ.

ಸಾಕ್ಷಿ ಕೇಳುವವರಿಗೆ ಒಂದು ಬಲವಾದ ಸಾಕ್ಷಿ ಇದೆ. ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ದೇಹದಲ್ಲಿ ಉಳಿದ ಈಸ್ಟ್ರೋಜೆನ್ನನ್ನೂ ಹೆಚ್ಚುಕಡಿಮೆ ಇಲ್ಲವಾಗಿಸುತ್ತವೆ. ಅವನ್ನು ನುಂಗುವ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಕೀಲುನೋವು ಶುರುವಾಗುತ್ತದೆ, ನೋವು ತಾಳದೆ ಔಷಧಿ ಬಿಡುವವರೂ ಇದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಂಥ 121 ಮಹಿಳೆಯರ ಮೇಲೆ ಅಧ್ಯಯನ ನಡೆಸಿದರು. ವಾರಕ್ಕೆರಡು ಬಾರಿ ಭಾರ ಎತ್ತುವ ವ್ಯಾಯಾಮ, ಜತೆಗೆ 150 ನಿಮಿಷ ಬಿರುಸಿನ ನಡಿಗೆಯಂಥದ್ದು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವರ್ಷದ ಕೊನೆಗೆ ವ್ಯಾಯಾಮ ಮಾಡಿದವರ ತೀವ್ರ ನೋವು ಶೇ 29ರಷ್ಟು ಇಳಿದಿತ್ತು. ಈಸ್ಟ್ರೋಜೆನ್ ಮರಳಿ ಬಾರದ ದೇಹದಲ್ಲೂ ಬಲ ಕೂಡಿಸಿದರೆ ನೋವು ಇಳಿಯುತ್ತದೆ ಎಂದಾಯಿತು. ಬಸ್ಕಿಯ ಮೇಲೆ ನನಗಿರುವ ನಂಬಿಕೆಗೆ ಇದು ಮುಖ್ಯ ಕಾರಣ.

ಈ ವಯಸ್ಸಿನ ನೋವಿನ ಗುರುತು ವೈದ್ಯರಿಗೆ ಹೊಸದಲ್ಲ. ಸೆಸಿಲ್ ಮತ್ತು ಆರ್ಚರ್ ಎಂಬಿಬ್ಬರು 1925ರಲ್ಲೇ ಐವತ್ತು ರೋಗಿಗಳನ್ನು ನೋಡಿ ಋತುಬಂಧದ ಸಂಧಿವಾತದ ಬಗ್ಗೆ ಬರೆದಿದ್ದರು. 2024ರಲ್ಲಿ ವೊಂಡಾ ರೈಟ್ ಎಂಬ ಮೂಳೆ ಶಸ್ತ್ರವೈದ್ಯೆ ಮತ್ತು ಸಂಗಡಿಗರು ಇಡೀ ಲಕ್ಷಣಗಳ ಕಂತೆಯನ್ನು ಒಂದೇ ಹೆಸರಿನಡಿ ತಂದರು. ಶೇ 70ಕ್ಕೂ ಹೆಚ್ಚು ಮಹಿಳೆಯರಿಗೆ ಇದು ತಟ್ಟುತ್ತದೆ, ನಾಲ್ವರಲ್ಲಿ ಒಬ್ಬರಿಗೆ ದಿನನಿತ್ಯದ ಕೆಲಸವೇ ದುಸ್ತರವಾಗುತ್ತದೆ ಎಂಬುದು ಅವರ ಅಂದಾಜು. ನಡುವಿನ ನೂರು ವರ್ಷ ಹೆಂಗಸರು ಏನು ಕೇಳಿಸಿಕೊಂಡರು ಎಂಬುದನ್ನು ದೊಡ್ಡಕ್ಕ ಆಗಲೇ ಹೇಳಿದ್ದಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 2006ರಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಅಂದಿನಿಂದ ಯಾವ ಕೀಲು ನೊಂದರೂ "ಅದ ಜ್ವರದ್ದು ಉಳಕೊಂಡೈತಿ" ಎನ್ನುವುದು ರೂಢಿ. ಆ ಜ್ವರದ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕಾಡಿದ್ದು ನಿಜ. ಆದರೆ ಹತ್ತು ಹದಿನೈದು ವರ್ಷ ಸುಮ್ಮನಿದ್ದ ಮಂಡಿ ನಲವತ್ತೈದಕ್ಕೆ, ಮುಟ್ಟು ಏರುಪೇರಾದ ವರ್ಷವೇ ಹಿಡಿದುಕೊಂಡರೆ ಹಳೇ ಜ್ವರವನ್ನು ಯಾಕೆ ದೂರಬೇಕು?

ಮೂಲೆಯಲ್ಲಿ ರೊಟ್ಟಿ ಜೋಡಿಸುತ್ತಿದ್ದವರು ಎಲ್ಲರಿಗಿಂತ ಚಿಕ್ಕವರಂತೆ ಕಂಡರು. ಮೂವತ್ತೆಂಟು. ನೋವು ಮಾತ್ರ ಎಲ್ಲರಿಗಿಂತ ಹೆಚ್ಚು. "ಮೂವತ್ತೆರಡರಾಗ ಚೀಲ ತಗಸೀನ್ರಿ" ಎಂದರು. ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದಾಗ ಗರ್ಭಚೀಲ ತೆಗೆಸುವುದೇ ಒಳ್ಳೆಯದೆಂದರಂತೆ. ಅಂಡಾಶಯವನ್ನೂ ತೆಗೆದರೇ ಎಂದು ಕೇಳಿದೆ, ಅವರಿಗೆ ಯಾರೂ ಹೇಳಿಲ್ಲ. ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜೆನ್ ರಾತ್ರೋರಾತ್ರಿ ಕುಸಿಯುತ್ತದೆ. ಬಿಟ್ಟರೂ ಋತುಬಂಧ ಒಂದಷ್ಟು ವರ್ಷ ಮೊದಲೇ ಬರಬಹುದು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯ ಟಿ.ಎಸ್. ಶ್ಯಾಮಲಾ ಅವರು ಸಹಸಂಶೋಧಕಿಯೊಂದಿಗೆ 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಬಗೆದು ನೋಡಿದಾಗ, 30ರಿಂದ 49ರ ಭಾರತೀಯ ಮಹಿಳೆಯರಲ್ಲಿ ಶೇ 11ರಷ್ಟು ಮಂದಿಗೆ ಆಗಲೇ ಮುಟ್ಟು ನಿಂತಿತ್ತು. ರಾಣೆಬೆನ್ನೂರಿನ ಲಂಬಾಣಿ ಮಹಿಳೆಯರು ಅನಗತ್ಯ ಶಸ್ತ್ರಚಿಕಿತ್ಸೆಗೆ ಪರಿಹಾರ ಕೇಳಿ ಬೀದಿಗಿಳಿದದ್ದು ನಮ್ಮ ಕಣ್ಣೆದುರೇ ಇದೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆಗಳ ತಡೆಗೆ ಕೇಂದ್ರ ರೂಪಿಸಿದ ಮಾರ್ಗಸೂಚಿ ಜಾರಿಗೊಳಿಸಿ ಎಂದು ರಾಜ್ಯಗಳಿಗೆ ಹೇಳಿತು. ಆ ತಂಗಿಗೆ ಬೇಕಿರುವುದು ಒಬ್ಬ ಸ್ತ್ರೀರೋಗ ತಜ್ಞೆಯ ಪೂರ್ತಿ ಅರ್ಧ ಗಂಟೆ. ಇಷ್ಟು ಬೇಗ ಈಸ್ಟ್ರೋಜೆನ್ ಕಳೆದುಕೊಂಡವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದು ಸಾಮಾನ್ಯ ವೈದ್ಯಕೀಯ ಸಲಹೆ.

ಇನ್ನು ನಲವತ್ತಾರು ನಲವತ್ತೇಳಕ್ಕೆ ತಾನಾಗಿ ಮುಟ್ಟು ನಿಲ್ಲುವವರಿಗೆ ಬರೀ ಕೀಲುನೋವಿಗೆಂದು ಹಾರ್ಮೋನ್ ಬೇಕೇ? ನನಗೆ ಅಷ್ಟು ಉತ್ಸಾಹ ಇಲ್ಲ. ಅಮೆರಿಕದ ದೊಡ್ಡ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಪ್ರಯೋಗದಲ್ಲಿ ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಕೊಟ್ಟು ಒಂದು ವರ್ಷ ನೋಡಿದಾಗ ಕೀಲುನೋವು ಹೇಳಿಕೊಂಡವರು ಶೇ 76.3, ಸುಳ್ಳು ಮಾತ್ರೆ ನುಂಗಿದವರಲ್ಲಿ ಶೇ 79.2. ವ್ಯತ್ಯಾಸ ಇದೆ, ಸಣ್ಣದು. ರಾತ್ರಿ ಬೆವರು, ನಿದ್ದೆಗೇಡು ವಿಪರೀತ ಇರುವವರು ವೈದ್ಯರೊಂದಿಗೆ ಈ ಮಾತೆತ್ತಲೇಬೇಕು. ನಿದ್ದೆ ಬಂದರೆ ನೋವೂ ಒಂದಿಷ್ಟು ತಗ್ಗುತ್ತದೆ.

ಬಸ್ಕಿ ಈ ಕೇಂದ್ರಕ್ಕೆ ಬಂದದ್ದು ಸೊಸೆಯೊಬ್ಬಳಿಂದ. ಫಿಜಿಯೋಥೆರಪಿ ಓದಿದ ಹುಡುಗಿ. ಅತ್ತೆಯ ನೋವು ನೋಡಿ ಒಂದು ಬೆಳಗ್ಗೆ ಬಂದು ಎಲ್ಲರ ಕೆಲಸ ನೋಡುತ್ತ ಕೂತಳಂತೆ. ಕೈ ಭುಜಗಳಿಗೆ ದುಡಿತ ವಿಪರೀತ, ತೊಡೆ ಬೆನ್ನುಗಳಿಗೆ ಇಲ್ಲವೇ ಇಲ್ಲ ಎಂದಳು. ತೊಡೆಯ ಸ್ನಾಯು ಗಟ್ಟಿಯಿದ್ದರೆ ಮಂಡಿಯ ಹೊರೆ ಹಂಚಿಹೋಗುತ್ತದೆ. ಮೊದಲು ಕುರ್ಚಿಯಿಂದ ಏಳುವುದು, ಆಮೇಲೆ ಸರಳು ಹಿಡಿದು ಅರ್ಧ ಬಸ್ಕಿ, ಕೊನೆಗೆ ಚೀಲ. ನೋವು ಮರುದಿನ ಬೆಳಗ್ಗೆಯೂ ಏರಿಯೇ ಇದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಅತ್ತೆಯಂದಿರು ಮೊದಮೊದಲು ನಾಚಿದರು. ಈ ಸೀಮೆಯ ಊರೂರಲ್ಲಿ ಗರಡಿಮನೆ ಇದೆ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನಿಗೆ ಮೆರವಣಿಗೆ ಇದೆ. ಹೆಣ್ಣುಮಕ್ಕಳು ಬಲಕ್ಕಾಗಿ ಭಾರ ಎತ್ತಿದ್ದನ್ನು ಅವರಾರೂ ಕಂಡಿರಲಿಲ್ಲ. ಕೊಡ, ಕಟ್ಟಿಗೆ, ಮಗು ಎತ್ತಿದ್ದು ಲೆಕ್ಕಕ್ಕಿಲ್ಲ.

ಕೆಲಸದ ಕ್ರಮವನ್ನೂ ಬದಲಿಸಿದರು. ನೆಲದಲ್ಲಿ ಕೂತೇ ರೊಟ್ಟಿ ಬಡಿಯಬೇಕೆಂಬ ಹಟ ಬಿಟ್ಟು ಸೊಂಟದೆತ್ತರದ ಕಡಪಾ ಕಲ್ಲಿನ ಕಟ್ಟೆ ಕಟ್ಟಿಸಿಕೊಂಡರು. ತಾಸಿಗೊಮ್ಮೆ ಜಾಗ ಬದಲು: ನಾದಿದವರು ಬೇಯಿಸಲು, ಬಡಿದವರು ಜೋಡಿಸಲು. ಬೆಳಗ್ಗೆ ಬಂದಕೂಡಲೇ ಬೋಗುಣಿಯ ಬಿಸಿನೀರಲ್ಲಿ ಕೈಯಿಟ್ಟು ಬೆರಳು ಮಡಚಿ ಬಿಡಿಸುತ್ತಾರೆ. ಹೆಬ್ಬೆರಳ ಬುಡ ನೊಂದವರಿಗೆ ಒಂದು ಪಟ್ಟಿ. ಮಧ್ಯಾಹ್ನದ ಬುತ್ತಿಗೆ ರೊಟ್ಟಿ-ಪಲ್ಯದ ಜತೆ ಹೆಸರುಕಾಳಿನ ಉಸುಳಿಯೋ ಮೊಸರೋ ಇರಲೇಬೇಕೆಂದು ಆ ಹುಡುಗಿಯ ಕಟ್ಟಪ್ಪಣೆ. ಪ್ರೋಟೀನ್ ಇಲ್ಲದೆ ಬಸ್ಕಿ ಹೊಡೆದು ಪ್ರಯೋಜನ ಕಡಿಮೆ.

ಮಾತ್ರೆಗಳ ಬಗ್ಗೆ ನನ್ನ ಅನುಮಾನ ಹೇಳಿಬಿಡುತ್ತೇನೆ. ಕ್ಯಾಲ್ಸಿಯಂ ಮೂಳೆಗೆ ಬೇಕು, ಆದರೆ ಅದು ನೋವಿನ ಮಾತ್ರೆ ಅಲ್ಲ. ಮೊಬೈಲಿನಲ್ಲಿ ಜಾಹೀರಾತಾಗುವ ದುಬಾರಿ ಕೊಲಾಜೆನ್ ಪುಡಿಗೆ ದುಡಿಮೆಯ ದುಡ್ಡು ಹಾಕಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಒಂದೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾದ ಪ್ರಕರಣಗಳಿವೆ. ಕೈಬೆರಳ ನೋವಿಗೆ ಮಾತ್ರೆಗಿಂತ ಮೊದಲು ಹಚ್ಚುವ ಜೆಲ್ ಬಳಸಿ ಎಂದು ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ 2018ರಲ್ಲಿ ಸಲಹೆ ಕೊಟ್ಟಿದೆ. ಮತ್ತು ಎಲ್ಲ ನೋವನ್ನೂ ಈ ವಯಸ್ಸಿನ ತಲೆಗೆ ಕಟ್ಟಬಾರದು. ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿ ಮುಂದುವರಿದರೆ, ಬೆರಳ ಬುಡದ ಕೀಲುಗಳೋ ಮಣಿಕಟ್ಟೋ ಮೆತ್ತಗೆ ಊದಿದ್ದರೆ, ಜ್ವರ ಅಥವಾ ತೂಕ ಇಳಿತ ಇದ್ದರೆ ಅದು ರುಮಟಾಯ್ಡ್ ಸಂಧಿವಾತವೋ ಮತ್ತೊಂದೋ ಇರಬಹುದು. ತಡ ಮಾಡದೆ ರಕ್ತ ಪರೀಕ್ಷೆಯಾಗಬೇಕು, ಥೈರಾಯ್ಡ್ ಕೂಡ ನೋಡಿಸಬೇಕು.

ದೊಡ್ಡಕ್ಕನ ಬೆರಳ ಗಂಟು ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಮಂಡಿ ಈಗ ಮೆಟ್ಟಿಲು ಏರಿಸುತ್ತದೆ, ಭುಜ ಮೇಲಿನ ಗೂಡಿನ ಡಬ್ಬಿ ಇಳಿಸುತ್ತದೆ. ಅವರ ಸಂಘ ಈಗ ಹಿಟ್ಟು ನಾದುವ ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಿದೆ. ಯಂತ್ರದ ಹಿಟ್ಟಿನ ರೊಟ್ಟಿಯಾದರೆ ಬೇಡ ಎಂದು ಕೆಲವು ಗಿರಾಕಿಗಳು ಈಗಲೇ ಮೂಗು ಮುರಿದಿದ್ದಾರಂತೆ. ಬೇರೆಡೆ ಯಂತ್ರದಲ್ಲಿ ನಾದಿ ಕೈಯಲ್ಲೇ ಬಡಿದ ರೊಟ್ಟಿಯನ್ನು ನಾನು ತಿಂದಿದ್ದೇನೆ. ರುಚಿಯಲ್ಲಿ ನನಗೆ ಫರಕು ಕಾಣಲಿಲ್ಲ. ಗಿರಾಕಿಗಳು ಒಪ್ಪಿದರೆ ಆರು ಜನರ ಹೆಬ್ಬೆರಳಿಗೆ ಮುಂದಿನ ತಿಂಗಳಿಂದಲೇ ಬಿಡುವು ಸಿಗುತ್ತದೆ.